ಉಪ್ಪುನೀರಿಗೆ ಹೆಪ್ಪು

ಹೊಸದಾಗಿ ಕೂರಿಸಿದ ಸಮುದ್ರದ ಅಕ್ವೇರಿಯಂನಲ್ಲಿ ಮೀನು ಸಾಯುವಾಗ ನೀರು ಸಾಮಾನ್ಯವಾಗಿ ಕನ್ನಡಿಯಂತೆ ತಿಳಿಯಾಗಿರುತ್ತದೆ. ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನಿನ ಕಿವಿರು ಸುಡುವಷ್ಟಿದ್ದರೂ ನಮ್ಮ ಮೂಗಿಗೆ ಅದರ ಸುಳಿವು ಸಿಗುವುದಿಲ್ಲ. ಆಮೇಲೆ ದೂರು ಉಪ್ಪಿನ ಮೇಲೆ, ಮೀನು ಕೊಟ್ಟ ಅಂಗಡಿಯ ಮೇಲೆ, ಕೊನೆಗೆ ಅದೃಷ್ಟದ ಮೇಲೆ ಹೋಗುತ್ತದೆ. ತಪ್ಪು ನಡೆದಿರುವುದು ಮೀನು ತರುವುದಕ್ಕೂ ಮೊದಲು, ಟ್ಯಾಂಕ್ ಖಾಲಿಯಿದ್ದ ದಿನಗಳಲ್ಲಿ. ಆ ದಿನಗಳಲ್ಲಿ ಆಗಬೇಕಾದ ಕೆಲಸಕ್ಕೆ, ಅಂದರೆ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ, ಈ ಹವ್ಯಾಸದವರು ಸೈಕ್ಲಿಂಗ್ ಎನ್ನುತ್ತಾರೆ.

ಮೀನು ತಿಂದ ಪ್ರೋಟೀನಿನಲ್ಲಿರುವ ಸಾರಜನಕದ ಬಹುಪಾಲು ಕಿವಿರಿನ ಮೂಲಕ ಅಮೋನಿಯಾ ಆಗಿ ಹೊರಬೀಳುತ್ತದೆ. ಕಡಲಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ನೂರು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ ಅದು ಎಲ್ಲಿಗೂ ಹೋಗದೆ ಅಲ್ಲೇ ಕೂಡುತ್ತದೆ. ಅದನ್ನು ಅರಗಿಸಲು ಎರಡು ಬಗೆಯ ಬ್ಯಾಕ್ಟೀರಿಯಾಗಳು ಬೇಕು: ಅಮೋನಿಯಾವನ್ನು ನೈಟ್ರೈಟ್ ಮಾಡುವವು ಒಂದು, ಆ ನೈಟ್ರೈಟನ್ನು ನೈಟ್ರೇಟ್ ಮಾಡುವವು ಇನ್ನೊಂದು. ರಷ್ಯಾದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿ 1890ರ ಹೊತ್ತಿಗೆ ಇಂಥವನ್ನು ಮಣ್ಣಿನಿಂದ ಬೇರ್ಪಡಿಸಿ, ಸಾವಯವ ಆಹಾರವೇ ಇಲ್ಲದೆ ಇವು ಬದುಕುತ್ತವೆ ಎಂದು ತೋರಿಸಿದರು. ಅಮೋನಿಯಾವನ್ನು ಆಮ್ಲಜನಕದ ಜೊತೆ ಉರಿಸಿ ಬರುವ ಅಲ್ಪ ಶಕ್ತಿಯಲ್ಲೇ ಇವುಗಳ ಸಂಸಾರ ನಡೆಯಬೇಕು. ನಿಧಾನಕ್ಕೆ ಕಾರಣ ಇದೇ. ಹಾಲಿಗೆ ರಾತ್ರಿ ಹೆಪ್ಪು ಹಾಕಿದರೆ ಬೆಳಗ್ಗೆ ಮೊಸರು ಸಿದ್ಧ. ಈ ಬ್ಯಾಕ್ಟೀರಿಯಾಗಳು ಒಮ್ಮೆ ಇಮ್ಮಡಿಯಾಗಲು ಎಲ್ಲವೂ ಅನುಕೂಲವಾಗಿದ್ದರೂ ಅರ್ಧ ದಿನದಿಂದ ಒಂದು ದಿನ, ಎಷ್ಟೋ ಸಲ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮೊಸರಿಗೂ ಇದಕ್ಕೂ ಇನ್ನೊಂದು ವ್ಯತ್ಯಾಸವಿದೆ. ಇಲ್ಲಿ ಹೆಪ್ಪು ನೀರಿನಲ್ಲಿ ತೇಲುತ್ತಿರುವುದಿಲ್ಲ; ಕಲ್ಲು, ಮರಳು, ಫಿಲ್ಟರಿನ ಸ್ಪಂಜಿನ ಮೇಲೆ ಪಾಚಿಗಿಂತ ತೆಳುವಾದ ಪದರವಾಗಿ ಅಂಟಿಕೊಂಡಿರುತ್ತದೆ. ಅದಕ್ಕೇ ಹಳೆಯ ಟ್ಯಾಂಕಿನಿಂದ ಒಂದು ಬಕೆಟ್ ನೀರು ತಂದು ಸುರಿದರೆ ಹೆಚ್ಚು ಪ್ರಯೋಜನವಿಲ್ಲ. ಅದೇ ಟ್ಯಾಂಕಿನ ಒಂದು ಹಿಡಿ ಕಲ್ಲು ತಂದರೆ ತುಂಬ ಪ್ರಯೋಜನ.

ಸಿಹಿನೀರಿನ ಮೀನು ಸಾಕಿ ರೂಢಿಯಿರುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಅಯಾನಾದ ಅಮೋನಿಯಂ ಅಷ್ಟೇನೂ ವಿಷವಲ್ಲ, ಅಯಾನಾಗದ ಅಮೋನಿಯಾ ವಿಷ. ಯಾವುದು ಎಷ್ಟಿರುತ್ತದೆ ಎಂಬುದು ಮುಖ್ಯವಾಗಿ ಪಿಎಚ್ ಮೇಲೆ, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಎಂಬುದರ ಮೇಲೆ, ನಿಂತಿದೆ. ಪಿಎಚ್ 7ರ ನೀರಿನಲ್ಲಿ ವಿಷದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಸಮುದ್ರದ ನೀರಿನ 8.2ರಲ್ಲಿ ಅದು ಹತ್ತು ಪಟ್ಟಿಗೂ ಮಿಗಿಲು. ಸಿಹಿನೀರಿನ ಗೋಲ್ಡ್‌ಫಿಶ್ ಹೇಗೋ ತಡೆದುಕೊಂಡ ಅಮೋನಿಯಾ ಕ್ಲೌನ್‌ಫಿಶ್‌ಗೆ ಮಾರಕವಾಗುವುದು ಹೀಗೆ. ನೈಟ್ರೈಟ್ ವಿಷಯದಲ್ಲಿ ಕತೆ ತಿರುವುಮುರುವು: ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇರುವುದರಿಂದ ಕಿವಿರಿನೊಳಗೆ ನೈಟ್ರೈಟ್ ನುಗ್ಗಲು ದಾರಿ ಸಿಗುವುದಿಲ್ಲ. ಸಿಹಿನೀರಿನಲ್ಲಿ ಭಯ ಹುಟ್ಟಿಸುವ ಅಂಕಿ ಇಲ್ಲಿ ಅಷ್ಟು ಭಯದ್ದಲ್ಲ.

ಕೆಲಸ ಶುರುವಾಗುವುದು ನೀರಿನಿಂದ. ಬೋರ್‌ವೆಲ್ ನೀರಿನಲ್ಲಿ ಗಡಸುತನ, ಎಷ್ಟೋ ಕಡೆ ನೈಟ್ರೇಟ್, ಸಿಲಿಕಾ. ನಲ್ಲಿ ನೀರಿನಲ್ಲಿ ಕ್ಲೋರಿನ್. ಎರಡೂ ನೇರವಾಗಿ ಬೇಡ. ಅಡುಗೆಮನೆಯ ಆರ್‌ಓ ಯಂತ್ರ ಅರ್ಧ ಕೆಲಸ ಮಾಡುತ್ತದೆ, ಆದರೆ ಅದರ ನಲ್ಲಿಯಿಂದ ಬಂದ ನೀರನ್ನು ಹಾಗೇ ಬಳಸಬಾರದು. ರುಚಿಗೆಂದು ಶೋಧಿಸದ ನೀರನ್ನು ಸ್ವಲ್ಪ ಬೆರೆಸುವ ವಾಲ್ವ್, ಖನಿಜ ಸೇರಿಸುವ ಕಾರ್ಟ್ರಿಜ್ ಅದರೊಳಗೆ ಇರುತ್ತವೆ. ಈಚಿನ ಹಲವು ಯಂತ್ರಗಳಲ್ಲಿ ತಾಮ್ರ ಸೇರಿಸುವ ಕಾರ್ಟ್ರಿಜ್ ಕೂಡ ಇದೆ. ನಮಗೆ ಒಳ್ಳೆಯದೆಂದು ಹಾಕಿದ ಆ ತಾಮ್ರ ಸೀಗಡಿ, ಹವಳ, ಬಸವನಹುಳುಗಳನ್ನು ಕೊಲ್ಲುತ್ತದೆ. ಕಲ್ಲಿನೊಳಗೆ ಸೇರಿಕೊಂಡರೆ ಪೂರ್ತಿ ಹೊರಬರುವುದೂ ಇಲ್ಲ. ಮೆಂಬ್ರೇನ್ ದಾಟಿದ ನೀರನ್ನು ಈ ಕಾರ್ಟ್ರಿಜ್‌ಗಳಿಗಿಂತ ಮೊದಲೇ ಬೇರೆ ಪೈಪಿನಲ್ಲಿ ತೆಗೆದುಕೊಂಡು, ಉಳಿದ ಅಯಾನುಗಳನ್ನೂ ಹಿಡಿಯುವ ಡಿಐ ರೆಸಿನ್ ಮೂಲಕ ಹಾಯಿಸಿ, ಕರಗಿದ ವಸ್ತುಗಳನ್ನು ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಿದ ಮೇಲೆ ಉಪ್ಪು ಹಾಕಿ. ಮುಂದೆ ಆರ್‌ಓ ನೀರು ಎಂದಲ್ಲೆಲ್ಲ ಈ ನೀರೆಂದೇ ತಿಳಿಯಿರಿ.

ಉಪ್ಪೆಂದರೆ ಅಡುಗೆಯ ಉಪ್ಪೂ ಅಲ್ಲ, ಕಲ್ಲುಪ್ಪೂ ಅಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಎಲ್ಲ ಸೇರಿದ ಮರೈನ್ ಸಾಲ್ಟ್ ಬೇಕು. 100 ಲೀಟರಿಗೆ ಮೊದಲು ಮೂರೂವರೆ ಕೆಜಿ ಹಾಕಿ, ಪಂಪ್ ಮತ್ತು ಹೀಟರ್ ಹಚ್ಚಿ, ಒಂದು ದಿನ ಓಡಿಸಿ, ಅಳೆದು, ಸಾಲದಿದ್ದರೆ ಇನ್ನಷ್ಟು ಹಾಕುವುದು ಕ್ಷೇಮ. ಉಪ್ಪು ತೇವ ಹೀರಿಕೊಂಡಿದ್ದರೆ ನಾಲ್ಕು ಕೆಜಿವರೆಗೂ ಬೇಕಾಗಬಹುದು. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಸುರಿದರೆ ತಳದಲ್ಲಿ ಕ್ಯಾಲ್ಸಿಯಂ ಬಿಳಿ ಹಿಟ್ಟಾಗಿ ಕೂತುಬಿಡುತ್ತದೆ. ಗುರಿ 35 ಪಿಪಿಟಿ, ಅಂದರೆ ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು. ಅಳೆಯಲು ರಿಫ್ರ್ಯಾಕ್ಟೋಮೀಟರ್ ಒಳ್ಳೆಯದು, ಅದನ್ನು ಬರೀ ಆರ್‌ಓ ನೀರಿನಿಂದ ಹೊಂದಿಸದೆ 35 ಪಿಪಿಟಿಯ ಮಾದರಿ ದ್ರಾವಣದಿಂದ ಹೊಂದಿಸಿ. ಸೊನ್ನೆಯಲ್ಲಿ ಸರಿಯಿರುವ ಉಪಕರಣ ಮೂವತ್ತೈದರಲ್ಲೂ ಸರಿಯಿರುತ್ತದೆ ಎನ್ನಲಾಗದು.

ಮಲ್ಪೆಯಿಂದಲೋ ಕಾರವಾರದಿಂದಲೋ ಕಡಲ ನೀರನ್ನೇ ಕ್ಯಾನಿನಲ್ಲಿ ತುಂಬಿಕೊಂಡು ಬಂದರಾಗದೇ ಎಂದು ಕರಾವಳಿಯವರು ಕೇಳುವುದು ಸಹಜ. ದಡದ ನೀರಿನಲ್ಲಿ ದೋಣಿಗಳ ಡೀಸೆಲ್, ಊರಿನ ಚರಂಡಿ ಎರಡೂ ಸೇರಿರುತ್ತವೆ. ಮಳೆಗಾಲದಲ್ಲಿ ನದಿಗಳು ತುಂಬಿ ಬಂದಾಗ ಅಳಿವೆಯ ಆಸುಪಾಸಿನಲ್ಲಿ ಉಪ್ಪಿನಂಶವೇ ಕುಸಿದಿರುತ್ತದೆ. ಮೊದಲ ಟ್ಯಾಂಕಿಗೆ ಅದು ಬೇಡ. ನಮ್ಮ ದಡದ ಮರಳೂ ಬಹುಪಾಲು ಸ್ಫಟಿಕಶಿಲೆಯದು, ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕಡಿಮೆ. ಕ್ಯಾಲ್ಸಿಯಂ ಕಾರ್ಬೊನೇಟಿನದೇ ಆದ ಅರಗೊನೈಟ್ ಮರಳನ್ನು ಕೊಂಡು, ಚೆನ್ನಾಗಿ ತೊಳೆದು, ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಮೂರು ಅಡಿ ಉದ್ದ, ಹದಿನೈದು ಇಂಚು ಅಗಲದ ಟ್ಯಾಂಕಿಗೆ ಸುಮಾರು 12 ಕೆಜಿ ಹಿಡಿಯುತ್ತದೆ.

ಇನ್ನು ಕಲ್ಲು. ವಿದೇಶದ ವಿಡಿಯೊಗಳಲ್ಲಿ ಲೈವ್ ರಾಕ್ ಎಂದು ಸಮುದ್ರದಿಂದ ತೆಗೆದ, ಬ್ಯಾಕ್ಟೀರಿಯಾ ತುಂಬಿದ ಕಲ್ಲನ್ನು ಇಡುವುದನ್ನು ತೋರಿಸುತ್ತಾರೆ. ಅದನ್ನು ನೋಡಿ ಇಲ್ಲಿ ಹಾಗೆ ಮಾಡಲು ಹೋಗಬಾರದು. ಭಾರತದಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿ ಆನೆಗಳ ಸಾಲಿನಲ್ಲೇ, ರಕ್ಷಣೆಯಿದೆ. ಮುರುಡೇಶ್ವರದಿಂದ ಕಾಣುವ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳದ ತುಣುಕಾಗಲಿ, ಮನ್ನಾರ್ ಕೊಲ್ಲಿಯದಾಗಲಿ, ಕಿತ್ತು ತರುವುದು ಅಪರಾಧ. ಕಾನೂನಿಗಿಂತ ದೊಡ್ಡ ಮಾತೆಂದರೆ, ಬೆರಳುದ್ದ ಬೆಳೆಯಲು ವರ್ಷಗಳನ್ನು ತೆಗೆದುಕೊಂಡ ಜೀವವನ್ನು ಮನೆಯ ಮೂಲೆಯ ಅಲಂಕಾರಕ್ಕೆಂದು ಕೊಲ್ಲುವ ಅಗತ್ಯವೇ ಇಲ್ಲ. ಸಿಮೆಂಟ್ ಅಥವಾ ಸೆರಾಮಿಕ್‌ನಲ್ಲಿ ಮಾಡಿದ ರಂಧ್ರಗಳುಳ್ಳ ಡ್ರೈ ರಾಕ್ 100 ಲೀಟರಿಗೆ 8ರಿಂದ 10 ಕೆಜಿ ಇದ್ದರೆ ಸಾಕು. ಸಿಮೆಂಟಿನದಾದರೆ ಪಿಎಚ್ ಏರುವುದು ನಿಲ್ಲುವವರೆಗೆ ವಾರಗಟ್ಟಲೆ ಸಿಹಿನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತ ಇರಬೇಕು. ಕಲ್ಲನ್ನು ಮರಳಿನ ಮೇಲಲ್ಲ, ಗಾಜಿನ ತಳದ ಮೇಲೇ ಕೂರಿಸಿ, ಆಮೇಲೆ ಮರಳು ಹಾಕಿ. ಮೀನು ಮರಳು ತೋಡಿದಾಗ ಕಲ್ಲು ಉರುಳದಿರಲು ಇದೊಂದೇ ದಾರಿ.

ಉಪಕರಣಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 100ರಿಂದ 150 ವಾಟ್ ಹೀಟರ್, ಗಂಟೆಗೆ ಸುಮಾರು 2000 ಲೀಟರ್ ನೀರು ತಳ್ಳುವ ವೇವ್‌ಮೇಕರ್, ಬೇರೆಯದೇ ಒಂದು ಥರ್ಮಾಮೀಟರ್. ಸೈಕ್ಲಿಂಗ್ ಮುಗಿಯುವವರೆಗೆ ಲೈಟ್ ಬೇಡವೇ ಬೇಡ. ಈ ಬ್ಯಾಕ್ಟೀರಿಯಾಗಳಿಗೆ ಬೆಳಕು ಬೇಕಿಲ್ಲ, ಪಾಚಿಗೆ ಬೇಕು. ಉಷ್ಣಾಂಶ 26ರಿಂದ 28 ಡಿಗ್ರಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಇಲ್ಲದಿದ್ದರೆ ಸೈಕಲ್ ತೆವಳುತ್ತದೆ. ಮಂಗಳೂರಿನ ಏಪ್ರಿಲ್‌ನಲ್ಲಿ ಚಿಂತೆ ಬೇರೆ, ನೀರನ್ನು ತಣಿಸಲು ಫ್ಯಾನ್ ಹಚ್ಚಬೇಕು. ಫ್ಯಾನ್ ಹಚ್ಚಿದರೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಆದ್ದರಿಂದ ಗಾಜಿನ ಮೇಲೆ ಟೇಪು ಅಂಟಿಸಿ ಗುರುತು ಮಾಡಿ, ಇಳಿದಷ್ಟನ್ನು ದಿನವೂ ಬರೀ ಆರ್‌ಓ ನೀರಿನಿಂದ ತುಂಬಿ. ಉಪ್ಪುನೀರು ತುಂಬಿದರೆ ಕೆಲವೇ ದಿನಗಳಲ್ಲಿ ಲವಣಾಂಶ ಹದ ತಪ್ಪುತ್ತದೆ.

ಈಗ ಹೆಪ್ಪು ಹಾಕುವ ಕೆಲಸ. ಬ್ಯಾಕ್ಟೀರಿಯಾಕ್ಕೆ ಉಣ್ಣಲು ಅಮೋನಿಯಾ ಬೇಕು, ಮೀನಿಲ್ಲದ ಟ್ಯಾಂಕಿಗೆ ಅದನ್ನು ನಾವೇ ಕೊಡಬೇಕು. ಪಂಪ್ ಹಚ್ಚಿ ಖಾಲಿ ನೀರನ್ನು ತಿಂಗಳು ಓಡಿಸುವುದು ಸೈಕ್ಲಿಂಗ್ ಅಲ್ಲ. ಒಲೆ ಹಚ್ಚದೆ ಪಾತ್ರೆಯನ್ನು ಕಾದು ಕೂತಂತೆ ಅದು. ಹಿಂದೆಲ್ಲ ಗಟ್ಟಿ ಜೀವವೆಂದು ಒಂದೆರಡು ಡ್ಯಾಮ್ಸೆಲ್ ಮೀನು ಬಿಟ್ಟು ಅವುಗಳ ಮೈಯಿಂದಲೇ ಅಮೋನಿಯಾ ಬರಿಸುತ್ತಿದ್ದರು. ಬದುಕಿದರೂ ಅವುಗಳ ಕಿವಿರು ಸುಟ್ಟಿರುತ್ತದೆ. ಅದು ಹಿಂಸೆ, ಬೇರೆ ದಾರಿ ಇರುವಾಗ ಅದಕ್ಕೆ ಸಮರ್ಥನೆಯಿಲ್ಲ. ಹಸಿ ಸೀಗಡಿಯ ತುಂಡು ಹಾಕಿ ಕೊಳೆಸುವುದು ಇನ್ನೊಂದು ಪದ್ಧತಿ. ಕೆಲಸವೇನೋ ಆಗುತ್ತದೆ, ಆದರೆ ಎಷ್ಟು ಅಮೋನಿಯಾ ಬಂತೆಂದು ಹೇಳಲಾಗದು, ಫಾಸ್ಫೇಟ್ ಏರುತ್ತದೆ, ಮನೆ ನಾರುತ್ತದೆ.

ಅಳತೆ ಸಿಗುವುದು ಅಮೋನಿಯಂ ಕ್ಲೋರೈಡ್‌ನಲ್ಲಿ. ನಮ್ಮ ಭಾಷೆಗೆ ಇದು ಹೊಸದಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ. ಆದರೆ ಕಲಾಯಿಯ ನವಸಾಗರದಲ್ಲಿ ಲೋಹದ ಕಲ್ಮಶ ಇರಬಹುದು. ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಯಲ್ಲಿ ಶುದ್ಧ ದರ್ಜೆಯದನ್ನೇ ಕೊಳ್ಳಿ. 6 ಗ್ರಾಂ ಪುಡಿಯನ್ನು ಆರ್‌ಓ ನೀರಿನಲ್ಲಿ ಕರಗಿಸಿ, ಒಟ್ಟು 100 ಮಿಲಿಲೀಟರ್ ಮಾಡಿ, ಮಕ್ಕಳ ಕೈಗೆ ಸಿಗದಂತೆ ಚೀಟಿ ಅಂಟಿಸಿ ಇಡಿ. ಈ ದ್ರಾವಣ 10 ಲೀಟರ್ ನೀರಿಗೆ 1 ಮಿಲಿಲೀಟರ್ ಹಾಕಿದರೆ ಅಮೋನಿಯಾ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ಏರುತ್ತದೆ. 100 ಲೀಟರಿಗೆ 10 ಮಿಲಿಲೀಟರ್. ಕಲ್ಲು, ಮರಳು ಹಿಡಿದ ಜಾಗವನ್ನು ಕಳೆದು ನಿಜವಾಗಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕಬೇಕು, ಟ್ಯಾಂಕಿನ ಹೊರ ಅಳತೆಯನ್ನಲ್ಲ.

ಎರಡು ಪಿಪಿಎಂಗೇ ಏಕೆ ನಿಲ್ಲಬೇಕು? ಬಹಳ ಕಡೆ 4 ಎಂದು ಬರೆದಿರುವುದನ್ನು ಕಾಣಬಹುದು. ಲೆಕ್ಕ ಹಾಕಿ ನೋಡೋಣ. ನೂರಕ್ಕೆ 45 ಪ್ರೋಟೀನ್ ಇರುವ ಒಣ ಆಹಾರ 1 ಗ್ರಾಂ ತಿಂದರೆ, ಅದರ ಸಾರಜನಕದ ಮುಕ್ಕಾಲು ಪಾಲು ಅಮೋನಿಯಾ ಆಯಿತೆಂದುಕೊಂಡರೂ, 100 ಲೀಟರಿನಲ್ಲಿ 0.7 ಪಿಪಿಎಂ ಆಗುತ್ತದೆ. ಒಂದು ಜೋಡಿ ಸಣ್ಣ ಕ್ಲೌನ್‌ಫಿಶ್ ದಿನಕ್ಕೆ ತಿನ್ನುವುದು ಅದರ ಕಾಲುಭಾಗ. ಅಂದರೆ ದಿನಕ್ಕೆ 2 ಪಿಪಿಎಂ ಅರಗಿಸುವ ಟ್ಯಾಂಕಿಗೆ ಆ ಜೋಡಿಯ ಹೊರೆ ಹತ್ತರಲ್ಲೊಂದು ಪಾಲು. ಇದಕ್ಕಿಂತ ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಸಿದರೂ ಉಣ್ಣಲು ಸಿಗದೆ ಕರಗಿಹೋಗುತ್ತದೆ. ಅಮೋನಿಯಾ 5 ಪಿಪಿಎಂ ಮೀರಿದರೆ ಎರಡನೆಯ ಗುಂಪಿನ ಬ್ಯಾಕ್ಟೀರಿಯಾಗಳೇ ಮಂಕಾಗುತ್ತವೆ. ಕೈತಪ್ಪಿ ಹೆಚ್ಚು ಬಿದ್ದರೆ ಅರ್ಧ ನೀರು ಬದಲಿಸಿ.

ಹೆಪ್ಪು ಬಾಟಲಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಎರಡು ಸಂಗತಿ ನೋಡಿ. ಒಳಗಿರುವುದು ಅಮೋನಿಯಾ ಮತ್ತು ನೈಟ್ರೈಟ್ ತಿನ್ನುವ ಬ್ಯಾಕ್ಟೀರಿಯಾವೋ, ಅಥವಾ ಕೊಳಕನ್ನು ಒಡೆಯುವ ಬ್ಯಾಸಿಲಸ್ ಜಾತಿಯದೋ? ಎರಡನೆಯದರಿಂದ ಸೈಕಲ್ ಆಗುವುದಿಲ್ಲ. ಮತ್ತೆ, ಬಾಟಲಿ ಹೇಗೆ ಬಂತು? ನೈಟ್ರಿಫೈ ಮಾಡುವ ಬ್ಯಾಕ್ಟೀರಿಯಾಗಳಿಗೆ ಬೀಜಕಣವಾಗಿ ಬಿಸಿಲು ತಡೆಯುವ ಶಕ್ತಿಯಿಲ್ಲ. ಮೇ ತಿಂಗಳ ಕೊರಿಯರ್ ವ್ಯಾನಿನಲ್ಲಿ ಮೂರು ದಿನ ಬೆಂದ ಬಾಟಲಿಯಲ್ಲಿ ಸತ್ತ ನೀರಷ್ಟೇ ಉಳಿದಿರಬಹುದು. ಚೆನ್ನಾಗಿ ಅಲುಗಾಡಿಸಿ, ಕಲ್ಲಿನ ಮೇಲೂ ಫಿಲ್ಟರ್ ಸ್ಪಂಜಿನ ಮೇಲೂ ಸುರಿಯಿರಿ. ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್, ಸೂಕ್ಷ್ಮಜೀವಿ ಕೊಲ್ಲುವ ಯುವಿ ದೀಪ ಇದ್ದರೆ ಮೂರು ದಿನ ನಿಲ್ಲಿಸಿ. ಅಂಟಿಕೊಳ್ಳಲು ಅವಕಾಶ ಸಿಗಲಿ. ಬಾಟಲಿ ಜೀವಂತವಾಗಿದ್ದರೆ ಒಂದರಿಂದ ಮೂರು ವಾರ, ಇಲ್ಲದಿದ್ದರೆ ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ.

ಇಲ್ಲಿಂದ ಮುಂದೆ ನಮ್ಮ ಕಣ್ಣು ಟೆಸ್ಟ್ ಕಿಟ್. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರಕ್ಕೂ ಬೇರೆ ಬೇರೆ ದ್ರವದ ಕಿಟ್ ಬೇಕು, ಜೊತೆಗೆ ಆಲ್ಕಲಿನಿಟಿಯದು, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿಯದು. ಬಣ್ಣವನ್ನು ಹಗಲಿನ ಬೆಳಕಿನಲ್ಲಿ, ಬಿಳಿ ಕಾಗದದ ಎದುರು ನೋಡಿ. ಹಳದಿ ಬಲ್ಬಿನ ಕೆಳಗೆ ಹಳದಿ ಹಸಿರಿನ ನಡುವಿನ ವ್ಯತ್ಯಾಸ ತಿಳಿಯುವುದೇ ಇಲ್ಲ. ಉಪ್ಪುನೀರಿನಲ್ಲಿ ಕೆಲವು ಅಮೋನಿಯಾ ಕಿಟ್‌ಗಳು ಏನೂ ಇಲ್ಲದಾಗಲೂ 0.25 ತೋರಿಸುತ್ತವೆ. ಅದಕ್ಕೊಂದು ಉಪಾಯವಿದೆ. ಈಗಷ್ಟೇ ಬೆರೆಸಿದ ಉಪ್ಪುನೀರನ್ನೂ ಅದೇ ಹೊತ್ತಿಗೆ ಪಕ್ಕದ ಗಾಜಿನ ನಳಿಕೆಯಲ್ಲಿ ಪರೀಕ್ಷಿಸಿ. ಎರಡರ ಬಣ್ಣವೂ ಒಂದೇ ಆದರೆ ಟ್ಯಾಂಕಿನಲ್ಲಿ ಅಮೋನಿಯಾ ಇಲ್ಲವೆಂದೇ ತಿಳಿಯಬಹುದು.

ಮೊದಲ ಕೆಲವು ದಿನ ಅಮೋನಿಯಾ ಅಲ್ಲಾಡುವುದಿಲ್ಲ. ಆಮೇಲೆ ಇಳಿಯತೊಡಗುತ್ತದೆ, ನೈಟ್ರೈಟ್ ಏರುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ, 2 ಪಿಪಿಎಂ ಅಮೋನಿಯಾ ಹಾಕಿದ್ದಕ್ಕೆ 5 ಪಿಪಿಎಂ ನೈಟ್ರೈಟ್ ಎಲ್ಲಿಂದ ಬಂತು ಎಂದು. ಸಾರಜನಕ ಅಷ್ಟೇ ಇದೆ, ಜೊತೆಗೆ ಅಂಟಿಕೊಂಡ ಆಮ್ಲಜನಕದ ತೂಕ ಸೇರಿದೆ. ಪೂರ್ತಿ ನೈಟ್ರೇಟ್ ಆದಾಗ ಅದೇ 2 ಪಿಪಿಎಂ ಸುಮಾರು 7 ಆಗುತ್ತದೆ. ಅಮೋನಿಯಾ 0.5ಕ್ಕಿಂತ ಕೆಳಗಿಳಿದಾಗ ಮತ್ತೆ 2 ಪಿಪಿಎಂ ಹಾಕಿ. ನೈಟ್ರೈಟ್ ಕಿಟ್ಟಿನ ಕೊನೆಯ ಬಣ್ಣಕ್ಕೆ ಹೋಗಿ ನಿಂತಿದ್ದರೆ ಮಾತ್ರ ಅದು ಇಳಿಯುವವರೆಗೆ ಹೊಸ ಅಮೋನಿಯಾ ಬೇಡ. ಈ ಹಂತದಲ್ಲಿ ನೈಟ್ರೇಟ್ ಕಿಟ್ ನಂಬಬೇಡಿ. ಹಲವು ಕಿಟ್‌ಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡಿಕೊಂಡೇ ಅಳೆಯುವುದು. ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಅಂಕಿ ಸುಳ್ಳಾಗಿ ಉಬ್ಬುತ್ತದೆ.

ನಿಂತುಹೋದ ಸೈಕಲ್‌ಗೆ ಕಾರಣಗಳು ಹೆಚ್ಚೇನಿಲ್ಲ. ಮೊದಲನೆಯದು ಉಸಿರು. 2 ಪಿಪಿಎಂ ಅಮೋನಿಯಾ ನೈಟ್ರೇಟ್ ಆಗಲು ಲೀಟರಿಗೆ ಸುಮಾರು 7 ಮಿಲಿಗ್ರಾಂ ಆಮ್ಲಜನಕ ಬೇಕು. 26 ಡಿಗ್ರಿಯ ಸಮುದ್ರದ ನೀರಿನಲ್ಲಿ ಕರಗಿರುವ ಆಮ್ಲಜನಕವೇ ಹೆಚ್ಚುಕಡಿಮೆ ಅಷ್ಟು! ಮೇಲ್ಮೈ ಸದಾ ಕದಡುತ್ತ ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳದಿದ್ದರೆ ಕೆಲಸ ನಡೆಯುವುದೇ ಇಲ್ಲ. ವೇವ್‌ಮೇಕರಿನ ಮೂತಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿಡಿ. ಕರೆಂಟ್ ಹೋದಾಗ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನೊಳಗೆ ಆಮ್ಲಜನಕ ಬೇಗ ಮುಗಿಯುತ್ತದೆ, ತಾಸುಗಟ್ಟಲೆ ನಿಂತರೆ ಒಳಗಿನ ಪದರ ಸಾಯತೊಡಗುತ್ತದೆ. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಬ್ಯಾಟರಿಯ ಏರ್ ಪಂಪ್ ಅಥವಾ ಯುಪಿಎಸ್ ಲೈನ್ ಅಲಂಕಾರದ ವಸ್ತುವಲ್ಲ, ಹೀಟರಿನಷ್ಟೇ ಅಗತ್ಯ.

ಎರಡನೆಯದು ಆಲ್ಕಲಿನಿಟಿ. ಅಮೋನಿಯಾ ಅರಗುವಾಗ ಆಮ್ಲ ಹುಟ್ಟುತ್ತದೆ. ಒಂದೊಂದು ಸಲ 2 ಪಿಪಿಎಂ ಅರಗಿದಾಗಲೂ ಆಲ್ಕಲಿನಿಟಿಯ ಮಾನವಾದ ಡಿಕೆಎಚ್‌ನಲ್ಲಿ ಸುಮಾರು 0.6 ಕರಗುತ್ತದೆ. 8 ಡಿಕೆಎಚ್‌ನಲ್ಲಿ ಶುರುವಾದ ನೀರು ಆರು ಸಲದ ಹೊತ್ತಿಗೆ ಐದಕ್ಕಿಂತ ಕೆಳಗಿಳಿದಿರುತ್ತದೆ, ಪಿಎಚ್ ಕುಸಿದು ಬ್ಯಾಕ್ಟೀರಿಯಾ ಮಂಕಾಗುತ್ತದೆ. ಅಡುಗೆ ಸೋಡಾ 3 ಗ್ರಾಂ 100 ಲೀಟರಿಗೆ 1 ಡಿಕೆಎಚ್ ಏರಿಸುತ್ತದೆ. ಬೇರೆ ಲೋಟದಲ್ಲಿ ಆರ್‌ಓ ನೀರಿಗೆ ಕರಗಿಸಿ, ದಿನಕ್ಕೆ 1ಕ್ಕಿಂತ ಹೆಚ್ಚಿಲ್ಲದಂತೆ ಹಾಕಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದು ಬೇಡ. ಮೂರನೆಯ ಕಾರಣವನ್ನು ಬಹಳ ಮಂದಿ ಊಹಿಸುವುದೇ ಇಲ್ಲ. ಡಿಐ ನೀರು, ಹೊಸ ಕಲ್ಲು, ಬರೀ ನವಸಾಗರ ಇರುವ ಟ್ಯಾಂಕಿನಲ್ಲಿ ಫಾಸ್ಫೇಟ್ ಸೊನ್ನೆ. ಯಾವ ಜೀವಕೋಶವೂ ಫಾಸ್ಫರಸ್ ಇಲ್ಲದೆ ಇಮ್ಮಡಿಯಾಗಲಾರದು. ಎರಡು ಮೂರು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿದರೆ ಈ ಕೊರತೆ ನೀಗುತ್ತದೆ.

ಸೈಕಲ್ ಮುಗಿಯಿತೆಂದು ಕ್ಯಾಲೆಂಡರ್ ಹೇಳುವುದಿಲ್ಲ. 2 ಪಿಪಿಎಂ ಹಾಕಿ 24 ಗಂಟೆ ಕಳೆದ ಮೇಲೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬರಬೇಕು. ಮಾರನೆಯ ದಿನ ಮತ್ತೊಮ್ಮೆ ಹಾಕಿ ನೋಡಿದಾಗಲೂ ಹಾಗೇ ಬರಬೇಕು. ಉಪ್ಪುನೀರಿನಲ್ಲಿ ನೈಟ್ರೈಟ್ ಅಷ್ಟು ವಿಷವಲ್ಲವೆಂದು ಮೇಲೆ ಹೇಳಿದ್ದೇನೆ, ಅನುಭವಿಗಳಲ್ಲಿ ಕೆಲವರು ಅದಕ್ಕೆ ಕಾಯುವುದೂ ಇಲ್ಲ. ಆದರೂ ಮೊದಲ ಟ್ಯಾಂಕಿನವರು ಕಾಯುವುದೇ ಲೇಸೆಂದು ನನ್ನ ಅಭಿಪ್ರಾಯ; ಸರಪಳಿಯ ಎರಡನೆಯ ಕೊಂಡಿಯೂ ಗಟ್ಟಿಯಾಗಿದೆ ಎನ್ನಲು ಬೇರೆ ಪುರಾವೆಯಿಲ್ಲ. ಆಮೇಲೆ ನೈಟ್ರೇಟ್ 20 ಪಿಪಿಎಂಗಿಂತ ಕೆಳಗೆ ಬರುವಷ್ಟು, ಸಾಮಾನ್ಯವಾಗಿ ಅರ್ಧದಷ್ಟು, ನೀರು ಬದಲಿಸಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ತಿಂಗಳಿಂದ ಬೆಳೆಸಿದ್ದನ್ನು ಕ್ಲೋರಿನ್ ಒಂದೇ ಗಳಿಗೆಯಲ್ಲಿ ತೊಳೆದುಬಿಡುತ್ತದೆ.

ಲೈಟ್ ಹಚ್ಚಿದ ಒಂದೆರಡು ವಾರದಲ್ಲಿ ಮರಳು, ಕಲ್ಲು, ಗಾಜಿನ ಮೇಲೆಲ್ಲ ಕಂದು ಧೂಳಿನಂಥ ಪದರ ಬರುತ್ತದೆ. ಅದು ಡಯಾಟಂ ಎಂಬ ಸೂಕ್ಷ್ಮ ಪಾಚಿ, ಸಿಲಿಕಾ ತಿಂದು ಮುಗಿಸಿ ತಾನೇ ಹೋಗುತ್ತದೆ. ಅದನ್ನು ಕಂಡು ಟ್ಯಾಂಕನ್ನೇ ಬಿಚ್ಚಿ ತೊಳೆಯುವವರಿದ್ದಾರೆ, ಬೇಡ. ನೈಟ್ರೇಟ್ ಮತ್ತು ಫಾಸ್ಫೇಟನ್ನು ಸೊನ್ನೆಗೆ ಇಳಿಸುವ ರಾಸಾಯನಿಕಗಳ ಬೆನ್ನು ಹತ್ತುವುದೂ ಬೇಡ, ಎರಡೂ ಸೊನ್ನೆಯಾದ ನೀರಿನಲ್ಲೇ ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಅಂಟು ಅಂಟಾದ ಪದರ ಹಬ್ಬುವುದು.

ಮೊದಲ ಮೀನು ಒಂದು ಜೋಡಿ ಸಾಕು. ಕ್ಲೌನ್‌ಫಿಶ್ ಆದರೆ ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಕೇಳಿ ತನ್ನಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇವುಗಳ ಮರಿ ಮಾಡುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ, ಹವಳದ ಬಂಡೆಯಿಂದ ಹಿಡಿದು ತಂದ ಮೀನೇ ಆಗಬೇಕಿಲ್ಲ. ಹ್ಯಾಚರಿಯ ಮರಿಗೆ ಒಣ ಆಹಾರದ ರೂಢಿಯೂ ಇರುತ್ತದೆ. ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಕ್ವಾರಂಟೈನ್ ಮಾಡಿ; ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧ ಕೊಡಬೇಕಾದರೆ ಅಲ್ಲೇ ಕೊಡಬೇಕು, ಮುಖ್ಯ ಟ್ಯಾಂಕಿಗೆ ಹನಿಯೂ ಬೀಳಬಾರದು. ಆ ನಾಲ್ಕು ವಾರ ಮುಖ್ಯ ಟ್ಯಾಂಕ್ ಹಸಿದಿರದಂತೆ ಎರಡು ದಿನಕ್ಕೊಮ್ಮೆ ನವಸಾಗರದ ದ್ರಾವಣ 5 ಮಿಲಿಲೀಟರ್ ಹಾಕುತ್ತಿರಿ. ಮೀನು ಬಿಡುವ ಹಿಂದಿನ ದಿನ ನಿಲ್ಲಿಸಿ, ಅಮೋನಿಯಾ ಸೊನ್ನೆಯಿದೆಯೆಂದು ಮತ್ತೊಮ್ಮೆ ಅಳೆಯಿರಿ. ಮುಂದಿನ ಮೀನಿಗೆ ಕನಿಷ್ಠ ಮೂರು ವಾರದ ಅಂತರವಿರಲಿ.

ಮೀನು ಬಿಟ್ಟ ಮೊದಲ ಹತ್ತು ದಿನ ಬೆಳಗ್ಗೆ ಊಟ ಹಾಕುವ ಮೊದಲು ಅಮೋನಿಯಾ ಅಳೆಯಿರಿ. ಪಕ್ಕದ ನಳಿಕೆಯ ಹೊಸ ಉಪ್ಪುನೀರಿಗಿಂತ ಬಣ್ಣ ಹಸಿರಾಗಿ ಕಂಡರೆ ಆ ದಿನ ಊಟವಿಲ್ಲ, ಕಾಲುಭಾಗ ನೀರು ಬದಲು. ಅದಕ್ಕಾಗಿ 26 ಡಿಗ್ರಿಗೆ ಬಿಸಿಯಾದ, 35 ಪಿಪಿಟಿಗೆ ಹದವಾದ 25 ಲೀಟರ್ ನೀರು ಮುಚ್ಚಳವಿರುವ ಡ್ರಮ್ಮಿನಲ್ಲಿ ಪಂಪ್ ಓಡುತ್ತ ಸಿದ್ಧವಾಗಿರಬೇಕು. ಮೀನು ಮನೆಗೆ ಬರುವ ಹಿಂದಿನ ರಾತ್ರಿಯೇ ಬೆರೆಸಿಡಿ.